ಗವರ್ನರ್‌ಗೆ ಬರೆದ ಕ್ಷಮಾದಾನದ ಪತ್ರಗಳನ್ನು ನಾನು ಓದಿದ ಬಗೆ

ನಾನು ವಕೀಲಿ ಮಾಡುವವಳು, ಕ್ರಿಮಿನಲ್ ಕೇಸುಗಳೇ ಜಾಸ್ತಿ. ಸಂವಿಧಾನದ 161ನೇ ವಿಧಿಯಡಿ ರಾಜ್ಯಪಾಲರಿಗೆ ಕ್ಷಮಾದಾನದ ಅರ್ಜಿ ಬರೆಯಬೇಕಾಗಿ ಬಂದಾಗ, ಹಿಂದಿನವರು ಹೇಗೆ ಕೇಳಿದ್ದರು ಅಂತ ಹುಡುಕತೊಡಗಿದೆ. ಹಾಗೆ ಕೈಗೆ ಸಿಕ್ಕಿದ್ದು ಶಿಕಾಗೋದ ಹೇಮಾರ್ಕೆಟ್ ಪ್ರಕರಣ.

1886ರ ಮೇ 4ರ ರಾತ್ರಿ, ಕಾರ್ಮಿಕರ ಸಭೆ ಮುಗಿಯುವ ಹೊತ್ತಿಗೆ ಪೊಲೀಸರ ಮೇಲೆ ಬಾಂಬ್ ಬಿತ್ತು. ಎಸೆದವರು ಯಾರೆಂದು ಇಂದಿಗೂ ಗೊತ್ತಿಲ್ಲ. ಆದರೂ ಏಳು ಜನರಿಗೆ ಗಲ್ಲು, ಆಸ್ಕರ್ ನೀಬ್‌ಗೆ 15 ವರ್ಷ ಜೈಲು. 1887ರ ನವೆಂಬರ್ 2ರಂದು ಅಮೆರಿಕದ ಸುಪ್ರೀಂ ಕೋರ್ಟ್ ಕೂಡ ಕೈಬಿಟ್ಟಿತು. ಗಲ್ಲಿಗೆ ಗೊತ್ತಾಗಿದ್ದ ದಿನ ನವೆಂಬರ್ 11. ಉಳಿದ ಬಾಗಿಲು ಇಲಿನಾಯ್ ಗವರ್ನರ್ ರಿಚರ್ಡ್ ಓಗಲ್ಸ್‌ಬಿ ಅವರದ್ದೊಂದೇ.

ಸಾಕ್ಷ್ಯ, ತೀರ್ಪು ಎಲ್ಲವನ್ನೂ ಪಕ್ಕಕ್ಕಿಟ್ಟು ಪತ್ರಗಳನ್ನಷ್ಟೇ ಓದಿದೆ. ನೋಟ್‌ಬುಕ್ಕಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪುಟ. ಏನು ಬೇಡಿದ್ದಾರೆ, ಯಾವ ಆಧಾರದ ಮೇಲೆ, ಸಹಿ ಯಾರದ್ದು. ನಮ್ಮ ಅರ್ಜಿಗಳಲ್ಲೂ ನಾನು ಮೊದಲು ನೋಡುವುದು ಕೊನೆಯಲ್ಲಿರುವ ಪ್ರೇಯರ್ ಭಾಗವನ್ನೇ, ಅಂದರೆ ಏನು ಬೇಕು ಅಂತ ಕೇಳುವ ಭಾಗವನ್ನು.

ಗಲ್ಲು ಶಿಕ್ಷೆಯಾಗಿದ್ದ ಏಳು ಜನರಲ್ಲಿ ಸ್ಯಾಮ್ಯುಯೆಲ್ ಫೀಲ್ಡನ್ ಮತ್ತು ಮೈಕೆಲ್ ಶ್ವಾಬ್ ಶಿಕ್ಷೆ ಇಳಿಸಿ ಅಂತ ಬೇಡಿಕೊಂಡರು. ಆವೇಶದಲ್ಲಿ ಆಡಿದ ಮಾತಿಗೆ ವಿಷಾದ ಹೇಳಿದರು. ಶಿಕ್ಷೆ ಕೊಟ್ಟ ಜಡ್ಜ್ ಗ್ಯಾರಿ ಅವರೇ ಫೀಲ್ಡನ್ ಪರವಾಗಿ ಗವರ್ನರ್‌ಗೆ ಬರೆದರು. ಆಗಸ್ಟ್ ಸ್ಪೈಸ್ ಮೊದಲು ಇವರ ಜೊತೆ ಸಹಿ ಹಾಕಿದ್ದ. ಆಮೇಲೆ ಮನಸ್ಸು ಬದಲಾಯಿಸಿ, ಜೀವ ಬೇಕೇ ಬೇಕಿದ್ದರೆ ನನ್ನದೊಂದನ್ನೇ ತೆಗೆದುಕೊಳ್ಳಿ, ಉಳಿದವರನ್ನು ಬಿಡಿ ಅಂತ ಬೇರೆ ಪತ್ರ ಬರೆದ.

ಆಲ್ಬರ್ಟ್ ಪಾರ್ಸನ್ಸ್ ಪುಟದಲ್ಲಿ ನಾನು ತುಂಬ ಹೊತ್ತು ನಿಂತೆ. ತಪ್ಪಿತಸ್ಥನಾದರೆ ಗಲ್ಲಿಗೆ ಹಾಕಿ, ಅಲ್ಲವಾದರೆ ಪೂರ್ತಿ ಬಿಡಿ ಎನ್ನುವುದು ಅವನ ನಿಲುವು. ನವೆಂಬರ್ 9ರಂದು ಇಲಿನಾಯ್ ರಾಜಧಾನಿ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಅವನದೊಂದು ಪತ್ರವನ್ನು ಗವರ್ನರ್ ಎದುರು ಓದಿದರು. ಅದರಲ್ಲಿ ಅವನು ಹೇಳಿದ್ದು ಇಷ್ಟು: ಆ ಸಭೆಗೆ ಹೋಗಿದ್ದೇ ನನ್ನ ಅಪರಾಧವಾದರೆ, ನನ್ನ ಹೆಂಡತಿ ಮಕ್ಕಳೂ ಅಲ್ಲಿದ್ದರು. ಗಲ್ಲನ್ನು ಮುಂದೂಡಿ, ಅವರನ್ನೂ ನನ್ನ ಜೊತೆಗೇ ನೇಣಿಗೆ ಹಾಕಬಹುದು! ಕೇಸಿನ ಟೊಳ್ಳನ್ನು ಇಷ್ಟು ನೇರವಾಗಿ ಯಾವ ವಕೀಲರೂ ಹೇಳಲಾರರು. ಆದರೆ ಜೀವ ಉಳಿಸಿಕೊಳ್ಳುವ ಅರ್ಜಿ ಅದಲ್ಲ, ಅಲ್ವಾ? ಅದು ಅವನಿಗೂ ಗೊತ್ತಿತ್ತು. ತಾನೂ ಬೇಡಿಕೊಂಡರೆ, ಬೇಡಲು ಒಪ್ಪದ ಉಳಿದ ಮೂವರು ಕೈದಿಗಳಾದ ಫಿಷರ್, ಎಂಗೆಲ್, ಲಿಂಗ್ ಒಂಟಿಯಾಗುತ್ತಾರೆ ಎನ್ನುವುದು ಅವನ ಲೆಕ್ಕ.

ನವೆಂಬರ್ 10ರಂದು ಲಿಂಗ್ ಸೆಲ್ಲಿನಲ್ಲೇ ಸತ್ತ. ಅದೇ ದಿನ ಓಗಲ್ಸ್‌ಬಿ ಫೀಲ್ಡನ್ ಮತ್ತು ಶ್ವಾಬ್ ಶಿಕ್ಷೆಯನ್ನು ಜೀವಾವಧಿಗೆ ಇಳಿಸಿದರು. ಮರುದಿನ ಉಳಿದ ನಾಲ್ವರಿಗೂ ಗಲ್ಲಾಯಿತು.

ನನ್ನ ಕೆಲಸಕ್ಕೆ ಹೆಚ್ಚು ಉಪಯೋಗಕ್ಕೆ ಬಂದಿದ್ದು ಆರು ವರ್ಷದ ನಂತರದ ಕಾಗದ. 1893ರ ಜೂನ್ 26ರಂದು ಹೊಸ ಗವರ್ನರ್ ಜಾನ್ ಆಲ್ಟ್‌ಗೆಲ್ಡ್ ಜೈಲಿನಲ್ಲಿದ್ದ ಫೀಲ್ಡನ್, ಶ್ವಾಬ್, ನೀಬ್ ಮೂವರನ್ನೂ ಬಿಡುಗಡೆ ಮಾಡಿದರು. ಪಾಪ ಅಂತ ಬಿಟ್ಟಿದ್ದಲ್ಲ. ಜ್ಯೂರಿಯನ್ನು, ಅಂದರೆ ತೀರ್ಪು ಕೊಡುವ ನಾಗರಿಕರ ತಂಡವನ್ನು, ಶಿಕ್ಷೆ ಕೊಡಿಸಲೆಂದೇ ಆರಿಸಿದ್ದರು, ಜಡ್ಜ್ ಪಕ್ಷಪಾತಿಯಾಗಿದ್ದರು, ಅಪರಾಧ ರುಜುವಾಗಿಲ್ಲ ಅಂತ ಕಾರಣ ಕೊಟ್ಟೇ ಬಿಟ್ಟರು. ಪಾರ್ಸನ್ಸ್ ಕೇಳಿದ್ದೂ ಇದನ್ನೇ.

ಈಗ ಅರ್ಜಿ ಬರೆಯುವಾಗ ವಿಚಾರಣೆಯ ಲೋಪಗಳಿಗೆ ಒಂದು ಭಾಗ, ಮನುಷ್ಯನ ವಯಸ್ಸು, ಕಾಯಿಲೆ, ಸಂಸಾರ, ಜೈಲಿನ ನಡತೆಗೆ ಇನ್ನೊಂದು ಭಾಗ ಇಡುತ್ತೇನೆ. ಎರಡನ್ನೂ ಬೆರೆಸುವುದಿಲ್ಲ. ಕಕ್ಷಿದಾರ ತಪ್ಪೊಪ್ಪಿಕೊಳ್ಳಲು ಸಿದ್ಧನಿಲ್ಲದಿದ್ದರೆ, ಪಶ್ಚಾತ್ತಾಪದ ಒಂದು ಸಾಲನ್ನೂ ಅವನ ಬಾಯಿಗೆ ತುರುಕುವುದಿಲ್ಲ.