ಖಾಲಿ ಗೋಡೌನ್ ನೋಡಿ ಮಾಡಿದ ಸರ್ವೆ

ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನ, ಅಂದರೆ ಒಣಗಿದ ಕಾಫಿಯ ಸಿಪ್ಪೆ ತೆಗೆದು ವಿಂಗಡಿಸುವ ಕಾರ್ಖಾನೆಯ, ವೈಫೈ ಮತ್ತು ಕೇಬಲ್ ಕೆಲಸ ಒಪ್ಪಿಕೊಂಡಿದ್ದು ಸೆಪ್ಟೆಂಬರ್‌ನಲ್ಲಿ. ಗೋಡೌನ್ ಖಾಲಿ ಹೊಡೆಯುತ್ತಿತ್ತು. ಏಣಿ ಮೇಲೆ ಒಂದು ಆಕ್ಸೆಸ್ ಪಾಯಿಂಟ್ (ವೈಫೈ ಸಿಗ್ನಲ್ ಕೊಡುವ ಪೆಟ್ಟಿಗೆ) ಕಟ್ಟಿ, ಮೊಬೈಲ್ ಹಿಡಿದು ಮೂಲೆ ಮೂಲೆ ಸುತ್ತಿದೆ. ಎಲ್ಲಿ ನಿಂತರೂ ಸಿಗ್ನಲ್ ಮೈನಸ್ 60ರ ಆಸುಪಾಸು. ಅಂದರೆ ಬಹಳ ಚೆನ್ನಾಗಿದೆ ಅಂತ. "ಎರಡೇ ಸಾಕು ಸಾರ್" ಅಂದೆ. ಸಾಹುಕಾರರಿಗೆ ಖುಷಿ. ನನಗಿಂತ ಮೊದಲು ಬಂದವರು ಐದು ಬೇಕು ಅಂದಿದ್ದರಂತೆ.

ಜನವರಿಯಲ್ಲಿ ಫೋನ್ ಬಂತು. "ಏನ್ರೀ ಇದು, ಹುಡುಗರು ಸ್ಕ್ಯಾನರ್ ಹಿಡ್ಕೊಂಡು ನೆಟ್ಟಿಗೋಸ್ಕರ ಬಾಗಿಲಿಗೆ ಓಡಿ ಬರ್ತಿದಾರೆ!"

ಹೋಗಿ ನೋಡಿದೆ. ಅರೇಬಿಕಾ ಕುಯ್ಲಿನ ಮಾಲೆಲ್ಲ ಬಂದಿತ್ತು. 50 ಕೆಜಿಯ ಪಾರ್ಚ್‌ಮೆಂಟ್ (ಒಳಸಿಪ್ಪೆ ಬಿಡಿಸದೆ ಒಣಗಿಸಿದ ಕಾಫಿ) ಮೂಟೆಗಳು, ಸಾಲು ಸಾಲಾಗಿ, ನನ್ನ ಏಣಿಗಿಂತ ಎತ್ತರ. ನಡುವೆ ಒಬ್ಬರು ಓಡಾಡುವಷ್ಟು ಓಣಿ. ಒಣಗಿದ ಕಾಫಿ ಅಂದರೂ ಅದರಲ್ಲಿ ಶೇಕಡಾ 10ರಷ್ಟು ತೇವ ಇದ್ದೇ ಇರುತ್ತದೆ. ವೈಫೈ ಅಲೆಗೆ ನೀರು ಕಂಡರೆ ಆಗೋದಿಲ್ಲ. ಹತ್ತಾರು ಮೂಟೆ ದಾಟುವಷ್ಟರಲ್ಲಿ ಸಿಗ್ನಲ್ ಮೈನಸ್ 85ಕ್ಕೆ ಇಳಿದಿತ್ತು. ನಾನು ಸರ್ವೆ ಮಾಡಿದ ಗೋಡೌನ್ ಬೇರೆ, ಇವರು ಕೆಲಸ ಮಾಡುತ್ತಿದ್ದ ಗೋಡೌನ್ ಬೇರೆ.

ಮೊದಲು ಎಲ್ಲರೂ ಮಾಡುವ ತಪ್ಪನ್ನೇ ನಾನೂ ಮಾಡಿದೆ. ಆಕ್ಸೆಸ್ ಪಾಯಿಂಟಿನ ಪವರ್ ಪೂರ್ತಿ ಏರಿಸಿದೆ. ಸ್ಕ್ಯಾನರಿನಲ್ಲಿ ಕಡ್ಡಿಗಳು ತುಂಬಿ ಕಾಣಿಸಿದವು, ಡೇಟಾ ಮಾತ್ರ ಹೋಗಲಿಲ್ಲ. ನಾವು ಮೈಕಿನಲ್ಲಿ ಕೂಗಿದರೆ ದೂರದವನಿಗೆ ಕೇಳಿಸುತ್ತದೆ, ಸರಿ. ಅವನ ಹತ್ತಿರ ಮೈಕ್ ಇಲ್ಲವಲ್ಲ! ಸ್ಕ್ಯಾನರಿನ ಪುಟ್ಟ ರೇಡಿಯೋ ಹೇಳಿದ್ದು ಮೇಲಕ್ಕೆ ಮುಟ್ಟಬೇಕು ತಾನೆ?

ಕೊನೆಗೆ ಮಾಡಿದ್ದು ಇಷ್ಟು. ಮಧ್ಯದ ಕಬ್ಬಿಣದ ತೊಲೆಯಿಂದ ಆಕ್ಸೆಸ್ ಪಾಯಿಂಟ್‌ಗಳನ್ನು ಕಿತ್ತು, ಓಣಿಗಳ ತುದಿಯ ಗೋಡೆಗೆ ಹಾಕಿದೆ, ಓಣಿಯ ಉದ್ದಕ್ಕೆ ಮುಖ ಮಾಡಿ. ಒಟ್ಟು ನಾಲ್ಕು ಆದವು. ಪವರ್ ಇಳಿಸಿದೆ. ವೈಫೈಯ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ 1, 6, 11 ಈ ಮೂರು ಚಾನೆಲ್ ಮಾತ್ರ ಒಂದರ ಮೇಲೊಂದು ಬೀಳೋದಿಲ್ಲ. ಹಾಗಾಗಿ ಅಕ್ಕಪಕ್ಕದ ಓಣಿಗಳಿಗೆ ಬೇರೆ ಬೇರೆ ಕೊಟ್ಟೆ. ಜಾಸ್ತಿಯಾದ ಎರಡರ ಕೂಲಿ ಕೇಳಲಿಲ್ಲ. ಕೇಳುವ ಮುಖ ಎಲ್ಲಿತ್ತು?

ಕೇಬಲ್ ವಿಷಯದಲ್ಲಿ ಮಾತ್ರ ನಾನು ಮೊದಲಿಂದಲೂ ಹಠಮಾರಿ. ರೋಲ್ ಬಿಚ್ಚಿದ ಕೂಡಲೇ ಒಂದು ಎಳೆ ತೆಗೆದು ಬ್ಲೇಡಿನಿಂದ ಕೆರೆಯುತ್ತೇನೆ. ಒಳಗೂ ಕೆಂಪಗಿದ್ದರೆ ತಾಮ್ರ. ಬೆಳ್ಳಗೆ ಕಂಡರೆ ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ. ನಾಲ್ಕು ಸಲ ಬಗ್ಗಿಸಿದರೆ ಪಟ್ ಅಂತ ಮುರಿಯುತ್ತದೆ. ರೋಲ್ ಎತ್ತಿದರೇ ಗೊತ್ತಾಗುತ್ತದೆ ಬಿಡಿ, ಅಸಲಿ ತಾಮ್ರದ 305 ಮೀಟರ್ ರೋಲ್ ಅಷ್ಟು ಹಗುರ ಇರಲ್ಲ. ಆಕ್ಸೆಸ್ ಪಾಯಿಂಟಿಗೆ ಕರೆಂಟೂ ಅದೇ ಕೇಬಲಿನಲ್ಲಿ ಹೋಗುವಾಗ ಆ ಲೇಪದ ಮಾಲು ಬಿಸಿಯಾಗುತ್ತದೆ, ದೂರ ಹೋದಷ್ಟೂ ವೋಲ್ಟೇಜ್ ಕುಸಿಯುತ್ತದೆ. ಇನ್ನೊಂದು ಮಾತು. ಜಾಕ್ ಹಾಕುವಾಗ ಜೋಡಿ ಎಳೆಗಳ ಹುರಿಯನ್ನು ಅರ್ಧ ಇಂಚಿಗಿಂತ ಜಾಸ್ತಿ ಬಿಚ್ಚಬಾರದು. ನನ್ನ ಹುಡುಗ ಸುಲಭ ಆಗಲಿ ಅಂತ ಎರಡು ಇಂಚು ಬಿಚ್ಚುತ್ತಿದ್ದ. ಬೈದೂ ಬೈದೂ ಸರಿಹೋದ.

ಇಷ್ಟೆಲ್ಲ ಜಂಭ ಕೊಚ್ಚಿಕೊಂಡವನು ವೇಬ್ರಿಡ್ಜ್ (ಲಾರಿ ತೂಗುವ ಕಟ್ಟೆ) ವಿಷಯದಲ್ಲಿ ಎಡವಿದೆ. ಆಫೀಸಿನಿಂದ ವೇಬ್ರಿಡ್ಜಿನ ಕೋಣೆಗೆ ಕಣದ ಪಕ್ಕದಲ್ಲಿ ಪೈಪ್ ಹೂತು ತಾಮ್ರದ ಕೇಬಲ್ ಎಳೆದಿದ್ದೆ. ಅಳತೆ 84 ಮೀಟರ್. ನೆಟ್‌ವರ್ಕ್ ಕೇಬಲಿನ 100 ಮೀಟರಿನ ಮಿತಿಯೊಳಗೇ ಇದೆ, ಏನು ತೊಂದರೆ? ಏಪ್ರಿಲ್‌ವರೆಗೆ ಏನೂ ಇರಲಿಲ್ಲ.

ಕಾಫಿ ಹೂ ಅರಳಿಸುವ ಹೂಮಳೆ ಬಂದರೆ ತೋಟದವರಿಗೆಲ್ಲ ಹಬ್ಬ. ನಮ್ಮಂಥವರಿಗೆ ಗುಡುಗು ಶುರುವಾದರೆ ಎದೆ ಢವಢವ. ಆ ಸಂಜೆ ಸಿಡಿಲು ಕಾಂಪೌಂಡಿಗೆ ಬಿದ್ದಿದ್ದೂ ಅಲ್ಲ, ಆಚೆ ಸಿಲ್ವರ್ ಓಕ್ ಮರಕ್ಕೆ. ಆದರೂ ವೇಬ್ರಿಡ್ಜಿನ ಕಂಪ್ಯೂಟರಿನ ನೆಟ್‌ವರ್ಕ್ ಪೋರ್ಟ್ ಹೋಯಿತು. ಆಫೀಸಿನಲ್ಲಿ ಕೇಬಲ್‌ಗಳೆಲ್ಲ ಸೇರುವ ನೆಟ್‌ವರ್ಕ್ ಸ್ವಿಚ್ಚಿನಲ್ಲಿ ಆರು ಪೋರ್ಟ್ ಸತ್ತವು. ಮುಚ್ಚಳ ತೆಗೆದರೆ ಸುಟ್ಟ ವಾಸನೆ, ಒಂದು ಚಿಪ್ಪಿನ ನೆತ್ತಿ ಬಿರಿದಿತ್ತು. ಎರಡು ಕಟ್ಟಡಕ್ಕೆ ಎರಡು ಅರ್ಥಿಂಗ್. ಹತ್ತಿರ ಸಿಡಿಲು ಬಿದ್ದಾಗ ಎರಡು ಕಡೆಯ ನೆಲದ ವೋಲ್ಟೇಜಿನಲ್ಲಿ ದೊಡ್ಡ ವ್ಯತ್ಯಾಸ ಬರುತ್ತದೆ. ಅದು ಹರಿಯೋಕೆ ದಾರಿ ಹುಡುಕುತ್ತದೆ. ಆ ದಾರಿ ಹಾಕಿಕೊಟ್ಟವನು ನಾನೇ.

ಅದೇ ಪೈಪಿನಲ್ಲಿ ಈಗ ಫೈಬರ್ ಇದೆ. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯಲ್ಲ. ಆದರೆ ಇಲ್ಲೂ ಒಂದು ಸೂಕ್ಷ್ಮ ಇದೆ. ಇಲಿ ಕಾಟಕ್ಕೆ ಹೆದರಿ ಉಕ್ಕಿನ ಕವಚದ ಫೈಬರ್ ಹಾಕಿದ್ದೇನೆ. ಆ ಉಕ್ಕನ್ನು ಎರಡು ಕಡೆ ಅರ್ಥ್ ಮಾಡಿದರೆ ಮತ್ತೆ ಅದೇ ಕಥೆ. ಆಫೀಸಿನ ಕಡೆ ಮಾತ್ರ ಅರ್ಥ್ ಕೊಟ್ಟೆ. ವೇಬ್ರಿಡ್ಜಿನ ಕಡೆ ಕವಚವನ್ನು ಪೆಟ್ಟಿಗೆಯ ಹೊರಗೇ ಕತ್ತರಿಸಿ, ಟೇಪ್ ಸುತ್ತಿ ಬಿಟ್ಟೆ.

ಅಲ್ಲಿಂದಾಚೆ ಎರಡು ಹೂಮಳೆ ಕಳೆದಿವೆ. ಗೋಡೌನಿನ ಹಿಂದಿನ ಮೂಲೆಯಲ್ಲಿ ಮಾತ್ರ ಸಿಗ್ನಲ್ ಈಗಲೂ ಬಂದು ಹೋಗಿ ಮಾಡುತ್ತದೆ. ಇನ್ನೊಂದು ಹಾಕೋಣ ಸಾರ್ ಅಂದೆ. ಸಾಹುಕಾರರು ನನ್ನ ಮುಖ ನೋಡಿ, "ಬೇಡ ಬಿಡಿ, ಅಲ್ಲಿ ಖಾಲಿ ಗೋಣಿಚೀಲ ಇಡ್ತೀವಿ" ಅಂದರು.