ಒಂದೇ ತಂತಿಯ ಸರ: ವೈಕಿಂಗ್ ಹೆಣಿಗೆಯನ್ನು ನಾನು ಮಾಡುವ ಬಗೆ

ವೈಕಿಂಗರ, ಅಂದರೆ ಸಾವಿರ ವರ್ಷ ಹಿಂದಿನ ಉತ್ತರ ಯುರೋಪಿನ ಸ್ಕ್ಯಾಂಡಿನೇವಿಯಾದ ಕಡಲಿಗರ, ಕಾಲದ ಬೆಳ್ಳಿ ನಿಧಿಗಳಲ್ಲಿ ಹಗ್ಗದ ಹಾಗೆ ಬಳುಕುವ ದುಂಡನೆಯ ಸರಗಳು ಸಿಗುತ್ತವೆ. ಕೈಕಸುಬಿನವರು ಇವಕ್ಕೆ ಈಗ ‘ವೈಕಿಂಗ್ ನಿಟ್’ ಅನ್ನುತ್ತಾರೆ. ಪುರಾತತ್ವದವರು ಇಟ್ಟ ಹೆಸರು ‘ಟ್ರಿಚಿನೊಪೊಲಿ’, ಅಂದರೆ ತಮಿಳುನಾಡಿನ ತಿರುಚಿರಾಪಳ್ಳಿ. ಅಲ್ಲಿಯ ಅಕ್ಕಸಾಲಿಗರ ತಂತಿ ಸರಗಳು 19ನೇ ಶತಮಾನದ ಬ್ರಿಟನ್ನಿನಲ್ಲಿ ಹೆಸರುವಾಸಿಯಾಗಿದ್ದವು. ಮಣ್ಣಿನಡಿಯಿಂದ ಎದ್ದುಬಂದ ಹಳೆಯ ಸರಗಳಿಗೂ ಅದೇ ಹೆಸರು ಅಂಟಿತು. ಕೆಲಸ ವೈಕಿಂಗರದಷ್ಟೇ ಅಲ್ಲ. ಇಂಗ್ಲೆಂಡಿನ ಕಾರ್ನ್‌ವಾಲ್‌ನ ಟ್ರೂಹಿಡ್ಲ್‌ನಲ್ಲಿ 1774ರಲ್ಲಿ ಸಿಕ್ಕಿದ, ಕ್ರಿ.ಶ. 868ರ ಸುಮಾರಿಗೆ ಹೂತಿಟ್ಟ ಆಂಗ್ಲೋ-ಸ್ಯಾಕ್ಸನ್ (ಆಗಿನ ಇಂಗ್ಲೆಂಡಿನ ಜನರ) ನಿಧಿಯಲ್ಲಿರುವ ಬೆಳ್ಳಿಯ ಚಾವಟಿಯೂ ಇದೇ ಹೆಣಿಗೆ.

ಹೆಣಿಗೆ ಅಂದರೂ ಇದು ನಿಜಕ್ಕೂ ಹೊಲಿಗೆ. ಸ್ವೆಟರ್ ಹೆಣೆಯುವಾಗ ಕುಣಿಕೆಯೊಳಗಿಂದ ಕುಣಿಕೆ ಎಳೆಯುತ್ತೇವೆ, ತುದಿ ಜಗ್ಗಿದರೆ ಪೂರ್ತಿ ಬಿಚ್ಚಿಕೊಳ್ಳುತ್ತದೆ. ಇಲ್ಲಿ ಪ್ರತಿ ಕುಣಿಕೆಗೂ ತಂತಿಯ ತುದಿಯೇ ಒಳಗೆ ಹೋಗಿ ಹೊರಬರಬೇಕು. ಬಿಚ್ಚುವ ಭಯವಿಲ್ಲ, ಆದರೆ ಉದ್ದನೆಯ ತಂತಿಯಲ್ಲಿ ಕೆಲಸ ಮಾಡಲಾಗದು. ನಾನು ಒಂದು ಸಲಕ್ಕೆ ಒಂದು ಮೀಟರ್ ಮಾತ್ರ ಕತ್ತರಿಸಿಕೊಳ್ಳುತ್ತೇನೆ.

ಕಲಿಯಲು ತಾಮ್ರವೇ ಸರಿ: 0.4 ಮಿ.ಮೀ. ದಪ್ಪದ, ಮೆತ್ತಗಿರುವ, ಲೇಪನವಿಲ್ಲದ ತಂತಿ. ಮೋಟಾರ್ ವೈಂಡಿಂಗ್ ತಂತಿ ಅಗ್ಗವಾಗಿ ಸಿಗುತ್ತದೆ, ಆದರೆ ಅದರ ಎನಾಮಲ್ ಎಳೆಯುವಾಗ ಕೆರೆದುಹೋಗುತ್ತದೆ, ಕಾಯಿಸಿದರೆ ಕೆಟ್ಟ ಹೊಗೆ ಬರುತ್ತದೆ. ಆಧಾರಕ್ಕೆ 6 ಮಿ.ಮೀ. ಅಲೆನ್ ಕೀ (ಸ್ಕ್ರೂ ತಿರುಗಿಸುವ ಆರು ಮೂಲೆಯ ಉಕ್ಕಿನ ಕಡ್ಡಿ) ಸಾಕು.

ಮೊದಲು ಬೇರೊಂದು ದಪ್ಪ ತಂತಿಯನ್ನು, 0.8 ಮಿ.ಮೀ. ಇರಲಿ, ನಾಲ್ಕು ಸೆಂ.ಮೀ. ಅಗಲದ ರಟ್ಟಿಗೆ ಐದು ಸುತ್ತು ಸುತ್ತಿ, ಒಂದು ತುದಿಯಲ್ಲಿ ಬಿಗಿದು ಕಟ್ಟಿ, ಹೂವಿನ ಎಸಳುಗಳಂತೆ ಬಿಡಿಸುತ್ತೇನೆ. ಅದನ್ನು ಅಲೆನ್ ಕೀಯ ತಲೆಯ ಮೇಲೆ ಕೊಡೆಯಂತೆ ಬಗ್ಗಿಸಿ ಕೂರಿಸುವುದು. ಐದೂ ಎಸಳುಗಳ ನಡುವಿನ ಅಂತರ ಒಂದೇ ಇರಬೇಕು. ಇಲ್ಲಿ ಓರೆಯಾದರೆ ಸರದ ಕೊನೆಯವರೆಗೂ ಓರೆ.

ಇನ್ನು ಹೆಣೆಯುವ 0.4 ಮಿ.ಮೀ. ತಂತಿ. ಅದು ಎಡದಿಂದ ಬಂದು ಎಸಳಿನ ಮುಂದೆ ಹಾದು, ಅದರ ಹಿಂದೆ ಬಲದಿಂದ ಎಡಕ್ಕೆ ನುಸುಳಿ, ತನ್ನನ್ನೇ ದಾಟಿಕೊಂಡು ಬಲಗಡೆಯ ಎಸಳಿಗೆ ಹೋಗುತ್ತದೆ. ದಾಟುವಲ್ಲಿ ಪುಟ್ಟದೊಂದು ಕತ್ತು ಆಗುತ್ತದೆ. ಎರಡನೇ ಸುತ್ತಿನಲ್ಲಿ ಎಸಳನ್ನು ಬಿಟ್ಟು ಈ ಕತ್ತಿನ ಹಿಂದೆ ತಂತಿ ತೂರಿಸಬೇಕು. ಇದು ಒಂಟಿ ಹೆಣಿಗೆ. ಒಂದು ಸುತ್ತು ಬಿಟ್ಟು ಅದರ ಮೇಲಿನ ಕತ್ತಿನ ಹಿಂದೆ ತೂರಿಸಿದರೆ ಜೋಡಿ ಹೆಣಿಗೆ. ಸರ ತುಂಬಿಕೊಂಡು ಕಾಣುತ್ತದೆ, ನನಗೆ ಅದೇ ಇಷ್ಟ.

ಕೆಡುವುದು ಹೆಚ್ಚಾಗಿ ಬಿಗಿಯಿಂದ. ಕುಣಿಕೆ ಅಲೆನ್ ಕೀಗೆ ತಾಗಿ ಕೂತರೆ ಸಾಕು, ಜಗ್ಗಬಾರದು. ಜಗ್ಗಿದರೆ ಮುಂದಿನ ಸುತ್ತಿಗೆ ತುದಿ ತೂರುವುದಿಲ್ಲ, ಹೆಣಿಗೆ ಕೆಳಗೆ ಜಾರುವುದೂ ಇಲ್ಲ. ಸಿಕ್ಕಿಕೊಂಡರೆ ದಬ್ಬಣದ ಮೊನೆಯಿಂದ ಕತ್ತನ್ನು ಸ್ವಲ್ಪ ಎತ್ತಿ. ತಂತಿ ಗಂಟಾಗಿ ಮಡಚಿಕೊಂಡ ಜಾಗವನ್ನು ಎಳೆದು ನೆಟ್ಟಗೆ ಮಾಡಲು ಹೋಗಬೇಡಿ, ಅಲ್ಲೇ ತುಂಡಾಗುತ್ತದೆ. ಕುಣಿಕೆಯನ್ನು ಬೆರಳಲ್ಲಿ ಅಗಲಿಸಿ ಬಿಡಿಸಿ. ಒಂದು ಕುಣಿಕೆ ತಪ್ಪಿದರೆ ಐದರ ಬದಲು ನಾಲ್ಕೇ ಕಂಬ (ಒಂದರ ಕೆಳಗೊಂದು ಬರುವ ಕುಣಿಕೆಗಳ ಸಾಲು) ಉಳಿದು ಅಲ್ಲಿ ತೂತು ಬೀಳುತ್ತದೆ. ಪ್ರತಿ ಸುತ್ತಿಗೂ ಐದು ಎಣಿಸುವುದೇ ಮದ್ದು.

ಎಂಟು ಸೆಂ.ಮೀ. ಉಳಿದಾಗ ಹೊಸ ತಂತಿ ಸೇರಿಸುತ್ತೇನೆ. ಹಳೆಯ ಬಾಲವನ್ನು ಅಲೆನ್ ಕೀಯ ಉದ್ದಕ್ಕೆ ಕೆಳಮುಖವಾಗಿ ಮಲಗಿಸಿ, ಮುಂದಿನ ಸುತ್ತುಗಳು ಅದನ್ನು ಮುಚ್ಚುವಂತೆ ನೋಡಿಕೊಳ್ಳುವುದು. ಪ್ರತಿ ಸಲವೂ ಒಂದೇ ಕಂಬದಲ್ಲಿ ಸೇರಿಸಿದರೆ ಆ ಬದಿ ದಪ್ಪವಾಗುತ್ತದೆ.

ಈ ಹಂತದಲ್ಲಿ ಹೆಣಿಗೆ ಅಂಕುಡೊಂಕಾಗಿ ಕಂಡರೂ ಬೇಸರ ಬೇಡ. ಸರಕ್ಕೆ ರೂಪ ಬರುವುದು ಎಳೆಯುವಾಗ. ಗಟ್ಟಿ ಮರದ ಹಲಗೆಯಲ್ಲಿ 7 ಮಿ.ಮೀ.ನಿಂದ 4ರವರೆಗೆ ಅರ್ಧರ್ಧ ಮಿ.ಮೀ. ಇಳಿಸುತ್ತ ತೂತು ಕೊರೆದು, ಬಾಯಿಯ ಅಂಚನ್ನು ಉಜ್ಜಿ ನಯಮಾಡಿ. ತಂತಿಯನ್ನು ಸಣ್ಣಗೆ ಎಳೆಯಲು ಅಕ್ಕಸಾಲಿಗರು ಬಳಸುವ ಉಕ್ಕಿನ ತೂತುಪಟ್ಟಿ, ಕಂಬಚ್ಚು, ಇದಕ್ಕೆ ಆಗದು, ತಂತಿಯನ್ನು ಕೆರೆಯುತ್ತದೆ. ಎಸಳಿನ ಭಾಗವನ್ನೇ ಹಿಡಿಯಾಗಿಸಿಕೊಂಡು ಪ್ರತಿ ತೂತಿನಲ್ಲೂ ಎರಡು ಸಲ, ಸರವನ್ನು ತಿರುಗಿಸಿ ತಿರುಗಿಸಿ ಎಳೆಯುತ್ತೇನೆ. ಉದ್ದ ಸುಮಾರು ಒಂದೂವರೆ ಪಟ್ಟಾಗುತ್ತದೆ, 45 ಸೆಂ.ಮೀ. ಸರ ಬೇಕಾದರೆ 30 ಸೆಂ.ಮೀ. ಹೆಣೆದಿರಬೇಕು. ತೂತು ಹಾರಿಸಿ ಎಳೆದರೆ ಕುಣಿಕೆಗಳು ಒಂದೇ ಕಡೆ ಮಲಗುತ್ತವೆ. ಅತಿಯಾಗಿ ಎಳೆದರೆ ಸರ ಬಳುಕದೆ ಕಡ್ಡಿಯಾಗುತ್ತದೆ. ಆಗ ಮಂದ ಕೆಂಪಾಗುವಷ್ಟು ಕಾಯಿಸಿ ನೀರಿಗೆ ಹಾಕಿದರೆ ಮತ್ತೆ ಮೆತ್ತಗಾಗುತ್ತದೆ. ಜ್ವಾಲೆ ಒಂದೇ ಕಡೆ ನಿಲ್ಲಬಾರದು, ಇಷ್ಟು ಸಣ್ಣ ತಂತಿ ಕ್ಷಣದಲ್ಲಿ ಕರಗುತ್ತದೆ.

ಕೊನೆಗೆ ಎಸಳು ಕತ್ತರಿಸಿ, ತುದಿಯ ಕುಣಿಕೆಗಳನ್ನು ತಂತಿ ಪೋಣಿಸಿ ಒಟ್ಟುಮಾಡಿ ಟೋಪಿ (ತುದಿ ಮುಚ್ಚುವ ಲೋಹದ ಮುಚ್ಚಳ) ಕೂರಿಸುವುದು. ಹಳೆಯ ಸರಗಳಲ್ಲಿ ಪ್ರಾಣಿಯ ತಲೆಯ ಆಕಾರದ ಟೋಪಿಗಳೂ ಇವೆ.

ಜೋಡಿ ಹೆಣಿಗೆಯ ಇಂಥ ಸರಕ್ಕೆ 15 ಮೀಟರ್ ತಂತಿ ಇಟ್ಟುಕೊಂಡರೆ ಸಾಲುತ್ತದೆ: ತಾಮ್ರವಾದರೆ 17 ಗ್ರಾಂ, ಶುದ್ಧ ಬೆಳ್ಳಿಯಾದರೆ 20 ಗ್ರಾಂ. ಸ್ಕ್ಯಾಂಡಿನೇವಿಯಾಕ್ಕೆ ಬೆಳ್ಳಿ ಬಹುಪಾಲು ಬಂದದ್ದು ಅರಬ್ಬೀ ದಿರ್ಹಮ್ ನಾಣ್ಯಗಳಾಗಿ, ಮಧ್ಯ ಏಷ್ಯಾದ ಟಂಕಸಾಲೆಗಳಿಂದಲೂ, ವೋಲ್ಗಾ ನದಿಯ ದಾರಿಯಲ್ಲಿ. ಸ್ವೀಡನ್ನಿನ ಗೋಟ್‌ಲ್ಯಾಂಡ್ ದ್ವೀಪದ ಸ್ಪಿಲ್ಲಿಂಗ್ಸ್‌ನಲ್ಲಿ 1999ರಲ್ಲಿ ಸಿಕ್ಕ ನಿಧಿಯೊಂದರಲ್ಲೇ 67 ಕಿಲೋ ಬೆಳ್ಳಿ, 14,000ಕ್ಕೂ ಹೆಚ್ಚು ನಾಣ್ಯಗಳು. ಒಂದು ದಿರ್ಹಮ್ ಮೂರು ಗ್ರಾಂಗೆ ತುಸು ಕಡಿಮೆ ತೂಗುತ್ತದೆ. ಹಾಗಾಗಿ ಏಳು ನಾಣ್ಯ ಕರಗಿಸಿದರೆ ಒಂದು ಸರಕ್ಕಾಗುವಷ್ಟು ತಂತಿ.