ಗ್ಯಾಲ್ವೆಸ್ಟನ್ ದ್ವೀಪದಲ್ಲಿ ಮನೆ ಮಾಡಿದ ಮೇಲೆ

ಅಮೆರಿಕದ ಟೆಕ್ಸಸ್‌ನಲ್ಲಿ, ಹ್ಯೂಸ್ಟನ್ ಕಡೆಯ ಕನ್ನಡಿಗರಿಗೆ ಗ್ಯಾಲ್ವೆಸ್ಟನ್ ಅಂದರೆ ವಾರಾಂತ್ಯದ ಊರು. ಪಿಯರ್‌ಲ್ಯಾಂಡ್‌ನ ಮೀನಾಕ್ಷಿ ದೇವಸ್ಥಾನಕ್ಕೆ ಹೋಗಿ, ಅಲ್ಲಿಂದ ಹಾಗೇ ಮಕ್ಕಳನ್ನು ಕರೆದುಕೊಂಡು ಬೀಚಿಗೆ ಬಂದು, ಕತ್ತಲಾಗುತ್ತಲೇ ವಾಪಸ್. ನಾನೂ ಹಾಗೆ ಬಂದು ಹೋಗುತ್ತಿದ್ದವನೇ. ಇಲ್ಲಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿ ಮನೆ ಹುಡುಕಲು ಶುರು ಮಾಡಿದಾಗ ಈ ದ್ವೀಪವನ್ನು ನೋಡುವ ಕಣ್ಣೇ ಬದಲಾಯಿತು. ಇಲ್ಲಿ ಸಮುದ್ರ ಎಷ್ಟು ಹತ್ತಿರ ಅನ್ನುವುದು ಆಮೇಲಿನ ಮಾತು, ನೆಲ ಎಷ್ಟು ಎತ್ತರ ಅನ್ನುವುದು ಮೊದಲು.

ಸುಮಾರು 43 ಕಿಲೋಮೀಟರ್ ಉದ್ದ, ಅತಿ ಅಗಲದ ಜಾಗದಲ್ಲೂ 5 ಕಿಲೋಮೀಟರ್ ಆಸುಪಾಸು. ಒಂದು ಕಡೆ ಮೆಕ್ಸಿಕೊ ಕೊಲ್ಲಿ, ಇನ್ನೊಂದು ಕಡೆ ಒಳಗಿನ ಹಿನ್ನೀರು, ನಡುವೆ ಬರೀ ಮರಳು. 1900ರ ಸೆಪ್ಟೆಂಬರ್ 8ರ ಚಂಡಮಾರುತ ಬಂದಾಗ ಊರಿನ ಅತಿ ಎತ್ತರದ ಜಾಗವೇ 9 ಅಡಿ ಇರಲಿಲ್ಲ. ನೀರು 15 ಅಡಿ ಏರಿತು. ಕಡಿಮೆಯೆಂದರೂ 6,000 ಜನ ಸತ್ತರು. ಉಳಿದವರು ಊರು ಬಿಡಲಿಲ್ಲ. 17 ಅಡಿ ಎತ್ತರದ ತಡೆಗೋಡೆ ಕಟ್ಟಿದರು. ಅದಕ್ಕಿಂತ ದೊಡ್ಡ ಕೆಲಸ ಗೋಡೆಯ ಹಿಂದೆ ನಡೆಯಿತು: ಎರಡು ಸಾವಿರಕ್ಕೂ ಹೆಚ್ಚು ಕಟ್ಟಡಗಳನ್ನು ಜಾಕ್ ಇಟ್ಟು ಮೇಲೆತ್ತಿ, ಹೂಳೆತ್ತಿದ ಮರಳನ್ನು ನೀರಿನೊಂದಿಗೆ ಪೈಪಿನಲ್ಲಿ ಹಾಯಿಸಿ ಕೆಳಗೆ ತುಂಬಿದರು. ಹಳೇ ಬೀದಿಗಳಲ್ಲಿ ಈಗ ನಡೆಯುವಾಗ ಕಾಲ ಕೆಳಗಿರುವುದು ಆ ತುಂಬಿದ ನೆಲ. ಆ ಜನರ ಛಲದ ಮೇಲೆ ನನಗೆ ಅಪಾರ ಗೌರವ.

ಆದರೆ ಗೋಡೆ ಇದೆಯೆಂದು ನಿಶ್ಚಿಂತೆಯಿಂದ ಇರುವಂತಿಲ್ಲ. 2008ರಲ್ಲಿ ಐಕ್ ಚಂಡಮಾರುತ ಬಂದಾಗ ಹಳೇ ಪೇಟೆಗೆ ನೀರು ನುಗ್ಗಿದ್ದು ಹಿಂದಿನಿಂದ, ಹಿನ್ನೀರಿನ ಕಡೆಯಿಂದ. ಇನ್ನು ಪಶ್ಚಿಮದ ತುದಿಗೆ ಗೋಡೆಯೇ ಇಲ್ಲ. ಅಲ್ಲಿ ಮನೆಗಳೆಲ್ಲ ಕಂಬದ ಮೇಲೆ. ನಾನು ಕೊಂಡದ್ದೂ ಅಂಥದ್ದೇ ಮನೆ. ನೋಡಿದ ಪ್ರತಿ ಮನೆಗೂ ಎತ್ತರದ ಪ್ರಮಾಣಪತ್ರ (ಮನೆಯ ನೆಲ ಎಷ್ಟು ಎತ್ತರದಲ್ಲಿದೆ ಎಂದು ಅಳೆದು ಕೊಡುವ ದಾಖಲೆ) ಕೇಳಿ, ಪ್ರವಾಹದ ನಕ್ಷೆಯ ಜೊತೆ ಇಟ್ಟು ನೋಡಿದೆ. ಕಂಬಗಳ ನಡುವೆ ಕಟ್ಟಿರುವ ಗೋಡೆಗಳು ಅಲೆ ಬಡಿದರೆ ಕಳಚಿ ಬೀಳಲೆಂದೇ ಇರುವಂಥವು: ಗೋಡೆ ಹೋದರೆ ಹೋಗಲಿ, ಕಂಬ ನಿಲ್ಲಲಿ ಅಂತ. ಅಲ್ಲಿ ಕಾರು, ಸೈಕಲ್ ಬಿಟ್ಟರೆ ಬೆಲೆಬಾಳುವ ಯಾವುದನ್ನೂ ಇಡುವುದಿಲ್ಲ.

ವಿಮೆಯನ್ನು ಮಾತ್ರ ಮುಂದಕ್ಕೆ ಹಾಕಬೇಡಿ. ಮಾಮೂಲಿ ಮನೆ ವಿಮೆಯಲ್ಲಿ ಪ್ರವಾಹ ಸೇರುವುದಿಲ್ಲ, ಬಿರುಗಾಳಿಗೂ ಇಲ್ಲಿ ಸಾಮಾನ್ಯವಾಗಿ ಬೇರೆಯೇ ಪಾಲಿಸಿ. ಸರ್ಕಾರಿ ಪ್ರವಾಹ ವಿಮೆ ಹೊಸದಾಗಿ ಕೊಂಡರೆ ಜಾರಿಗೆ ಬರಲು ಸಾಮಾನ್ಯವಾಗಿ 30 ದಿನ ಬೇಕು. ಕೊಲ್ಲಿಯೊಳಗೆ ಚಂಡಮಾರುತ ಎದ್ದ ಮೇಲೆ ಓಡಾಡಿ ಪ್ರಯೋಜನವಿಲ್ಲ.

ದಿನನಿತ್ಯದ ಶತ್ರು ಉಪ್ಪು. ಕಿಟಕಿಯ ಗಾಜಿನ ಮೇಲೆ ಬೆರಳಾಡಿಸಿದರೆ ಜಿಗುಟು, ನಾಲಿಗೆಗೆ ಉಪ್ಪುಪ್ಪು. ಮಾಮೂಲಿ ಮೊಳೆ ಹೊಡೆದ ಕಡೆ ಮರದ ಮೇಲೆ ಕಂದು ಕಣ್ಣೀರಿನಂಥ ಗೆರೆ ಇಳಿಯುತ್ತದೆ. ಈಗ ಸ್ಕ್ರೂ, ತಿರುಗಣಿ ಎಲ್ಲ ಸ್ಟೇನ್‌ಲೆಸ್ ಸ್ಟೀಲಿನದೇ. ಏಸಿಯ ಹೊರಗಿನ ಪೆಟ್ಟಿಗೆಗೆ ಆಗಾಗ ಸಿಹಿನೀರು ಹಾಯಿಸಿ ತೊಳೆಯುತ್ತೇನೆ. ಕರಿಬೇವು ಕುಂಡದಲ್ಲೇ, ಗಾಳಿಗೆ ಮರೆಯಾಗಿ. ಇಷ್ಟೆಲ್ಲದರ ನಡುವೆ ಯಾವ ಆರೈಕೆಯನ್ನೂ ಕೇಳದೆ ಬೆಳೆಯುವುದು ಕಣಗಿಲೆ! 1841ರಲ್ಲಿ ಜಮೈಕಾದಿಂದ ಬಂದ ಗಿಡ, ಈಗ ರಸ್ತೆಯುದ್ದಕ್ಕೂ ಗುಲಾಬಿ, ಬಿಳಿ, ಕೆಂಪು. ಅಮ್ಮ ಬಂದಿದ್ದಾಗ ದಿನವೂ ಪೂಜೆಗೆ ಅದೇ ಹೂವು. ಎಲೆ, ಹೂ, ಕಡ್ಡಿ ಎಲ್ಲವೂ ವಿಷ, ಪುಟ್ಟ ಮಕ್ಕಳ ಮೇಲೆ ಕಣ್ಣಿರಲಿ.

ನೆಂಟರು ಬಂದರೆ ಮೊದಲು ಕೇಳುವುದು, ನೀರೇಕೆ ಕಂದು ಅಂತ. ಅದು ಕೊಳಕಲ್ಲ, ನದಿಗಳು ತರುವ ಹೂಳು. ಬೇಸಿಗೆಯಲ್ಲಿ ದಡಕ್ಕೆ ಬಂದು ಬೀಳುವ ಸರ್ಗ್ಯಾಸಮ್ ಪಾಚಿ ಕೊಳೆತಾಗ ಮೂಗು ಮುಚ್ಚಿಕೊಳ್ಳುವಂತಾಗುವುದು ನಿಜ, ಆದರೆ ಅದೇ ಮರಳನ್ನು ಹಿಡಿದು ದಿಬ್ಬ ಬೆಳೆಸುತ್ತದೆ. ಆ ದಿಬ್ಬ ಕರಗದಂತೆ ಹಿಡಿದಿಡುವುದು ಅದರ ಮೇಲಿನ ಹುಲ್ಲು, ಹಾಗಾಗಿ ಅದನ್ನು ತುಳಿಯುವವರನ್ನು ಕಂಡರೆ ನಾನು ಸುಮ್ಮನಿರಲಾರೆ.

ಈಜುವವರಿಗೆ ನನ್ನದು ಕಟ್ಟುನಿಟ್ಟು. ಕೆಂಪು ಬಾವುಟ ಇದ್ದರೆ ನೀರಿಗೆ ಇಳಿಯುವ ಮಾತೇ ಇಲ್ಲ. ನೇರಳೆ ಇದ್ದರೆ ಜೆಲ್ಲಿಮೀನಿನಂಥವು ಇವೆ ಎಂದರ್ಥ. ಸಮುದ್ರದೊಳಕ್ಕೆ ಚಾಚಿದ ಕಲ್ಲಿನ ಸಾಲುಗಳ ಪಕ್ಕ ಬಾವುಟ ಯಾವುದಿದ್ದರೂ ಬೇಡ, ಅಲ್ಲಿ ಸೆಳವು ಇದ್ದೇ ಇರುತ್ತದೆ. ದ್ವೀಪದ ಪಶ್ಚಿಮದ ತುದಿ ಸ್ಯಾನ್ ಲೂಯಿಸ್ ಪಾಸ್ ನೋಡಲು ಶಾಂತ, ಒಳಗೆ ಅತಿ ಅಪಾಯ.

ಬರುವುದಾದರೆ ಏಪ್ರಿಲ್‌ನಲ್ಲಿ ಬನ್ನಿ. ಬಿಸಿಲು ಹಿತವಾಗಿರುತ್ತದೆ, ಕೊಲ್ಲಿ ದಾಟಿ ದಣಿದ ಪುಟ್ಟ ಹಕ್ಕಿಗಳು ಇಲ್ಲಿನ ಮರಗಳಿಗೆ ಬಂದಿಳಿಯುತ್ತವೆ. ಅಳಿವಿನಂಚಿನ ಕೆಂಪ್ಸ್ ರಿಡ್ಲೀ ಆಮೆಗಳು ಮೊಟ್ಟೆಯಿಡಲು ದಡ ಹತ್ತುವುದೂ ಆಗಲೇ ಶುರು, ಅದೂ ಹಗಲಲ್ಲೇ. ಕಂಡರೆ ದೂರ ನಿಂತು ಆಮೆ ರಕ್ಷಣೆಯವರಿಗೆ ಫೋನ್ ಮಾಡಿ. ಎದುರು ದಡದ ಬೊಲಿವರ್ ಪರ್ಯಾಯದ್ವೀಪಕ್ಕೆ ಹೋಗುವ ಫೆರ್ರಿಗೆ ದುಡ್ಡಿಲ್ಲ. ಕಾರು ಇಲ್ಲೇ ನಿಲ್ಲಿಸಿ ನಡೆದೇ ಹತ್ತಿದರೆ ಕಾರಿನ ಸಾಲಿನಲ್ಲಿ ಕಾಯಬೇಕಿಲ್ಲ. ಬಂದರಿನ ಬಾಯಿಯಲ್ಲಿ ಡಾಲ್ಫಿನ್‌ಗಳು ಆಗಾಗ ಕಾಣಿಸುತ್ತವೆ.